ಆರು ಗಂಟೆಯ ಕೊಚ್ಚಿ

ವಿಹಾರನೌಕೆಯಲ್ಲಿ ಹೊರಟವರು ದೇಶ ನೋಡುವುದು ಕಂತಿನಲ್ಲಿ. ರಾತ್ರಿಯೆಲ್ಲ ಸಮುದ್ರ, ಹಗಲಿಗೆ ಒಂದು ಊರು, ಸಂಜೆಗೆ ಮತ್ತೆ ಸಮುದ್ರ. ಹಡಗು ಧಕ್ಕೆಗೆ ತಾಗಿ ನಿಂತಿರುವ ಆ ಹಗಲಿನಲ್ಲಿ ಪ್ರಯಾಣಿಕರನ್ನು ಬಸ್ಸುಗಳಲ್ಲಿ ಕೂರಿಸಿ, ಊರು ತೋರಿಸಿ, ಹೊತ್ತಿಗೆ ಸರಿಯಾಗಿ ಮರಳಿ ತಂದು ಬಿಡುವ ಏರ್ಪಾಟೊಂದಿದೆ. ನಾವು ಅದನ್ನು ತೀರವಿಹಾರ ಎಂದು ಕರೆಯೋಣ. ನಮ್ಮ ಮಾತುಕತೆಯಲ್ಲಿ ಸಮಯದ ಅಭಾವದಿಂದ ಬಿಟ್ಟುಹೋಗುವ ವಿವರಗಳಿಗೆ ಈ ಪುಟಗಳಲ್ಲಿ ಜಾಗವಿದೆ. ಆದ್ದರಿಂದ ಅಂಥ ಒಂದು ತೀರವಿಹಾರವನ್ನು ಎತ್ತಿಕೊಂಡು, ಅದರಲ್ಲಿ ಕಾಣುವುದೇನು, ಕಾಣದೆ ಉಳಿಯುವುದೇನು ಎಂದು ವಿಚಾರ ಮಾಡೋಣ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಈ ಹಡಗುಗಳ ಕಾಲ ಮಳೆಗಾಲ ಮುಗಿದ ಮೇಲೆ ಶುರುವಾಗಿ ಬೇಸಿಗೆಯ ನಡುವಿನವರೆಗೆ ಇರುತ್ತದೆ. ಮುಂಬಯಿ, ಗೋವೆಯ ಮುರ್ಮುಗಾಂವ್, ನಮ್ಮ ಪಣಂಬೂರಿನಲ್ಲಿರುವ ನವಮಂಗಳೂರು ಬಂದರು, ಕೊಚ್ಚಿ, ಅಲ್ಲಿಂದ ಮುಂದೆ ಕೊಲಂಬೊ. ಇದು ಅನೇಕ ಹಡಗುಗಳು ಹಿಡಿಯುವ ದಾರಿ. ಮಂಗಳೂರಿನಲ್ಲಿ ಇಳಿದವರು ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಗೇರುಬೀಜದ ಕಾರ್ಖಾನೆ ನೋಡುತ್ತಾರೆ. ಕೊಚ್ಚಿಯಲ್ಲಿ ಇಳಿದವರಿಗೆ ಕಾದಿರುವುದು ಫೋರ್ಟ್ ಕೊಚ್ಚಿ ಮತ್ತು ಅದರ ಪಕ್ಕದ ಮಟ್ಟಾಂಚೇರಿ. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಒಬ್ಬರಾದ ಮೇಲೆ ಒಬ್ಬರು ಆಳಿದ ಹಳೆಯ ವಸಾಹತು ಪಟ್ಟಣ.

ಬಸ್ಸಿನವರ ಪಟ್ಟಿ ಬಹುಮಟ್ಟಿಗೆ ಒಂದೇ. ಸೇಂಟ್ ಫ್ರಾನ್ಸಿಸ್ ಇಗರ್ಜಿ, ಮಟ್ಟಾಂಚೇರಿಯ ಅರಮನೆ, ಯಹೂದಿಗಳ ಪ್ರಾರ್ಥನಾ ಮಂದಿರ, ಮಸಾಲೆ ಅಂಗಡಿಗಳ ಬೀದಿ, ಸಮುದ್ರದಂಚಿನ ಚೀನಿ ಬಲೆಗಳು. ಇವನ್ನು ಬಿಟ್ಟು ಬೇರೇನು ನೋಡಬೇಕು ಎಂದು ನೀವು ಕೇಳಬಹುದು. ಬೇರೆ ಏನನ್ನೂ ನೋಡಬೇಕಾಗಿಲ್ಲ. ಇವನ್ನೇ ನೋಡಿ, ಆದರೆ ನೀರಿನ ಕಡೆಯಿಂದ ನೋಡಿ. ಈ ಊರನ್ನು ಮಾಡಿದ್ದು ನೀರು. ಈಗ ಅದರ ಉಳಿವು ಅಳಿವುಗಳು ನಿಂತಿರುವುದೂ ನೀರಿನ ಮೇಲೆಯೇ.

ಅಳಿವೆ ತೆರೆದ ಕಥೆ

ನಕಾಶೆಯನ್ನು ಬಿಡಿಸಿ ನೋಡಿ. ಕೇರಳದ ಕರಾವಳಿಗೆ ಸಮಾನಾಂತರವಾಗಿ, ಭೂಮಿಯ ಕಿರಿದಾದ ಪಟ್ಟಿಯ ಹಿಂದೆ, ವೇಂಬನಾಡು ಎಂಬ ಉದ್ದನೆಯ ಹಿನ್ನೀರಿನ ಸರೋವರವಿದೆ. ಪೆರಿಯಾರ್, ಮೂವಾಟ್ಟುಪುಳ, ಮೀನಚ್ಚಿಲ್, ಮಣಿಮಲ, ಪಂಪಾ, ಅಚ್ಚನ್‌ಕೋವಿಲ್ ನದಿಗಳ ನೀರೆಲ್ಲ ಈ ಹಿನ್ನೀರಿಗೆ ಬರುತ್ತದೆ. ಇಷ್ಟು ನೀರು ಸಮುದ್ರ ಸೇರಲು ಮುಖ್ಯವಾದ ಬಾಗಿಲು ಕೊಚ್ಚಿಯ ಅಳಿವೆ. ಅದರ ಅಗಲ ಅರ್ಧ ಕಿಲೋಮೀಟರಿಗೂ ಕಡಿಮೆ.

ಈ ಬಾಗಿಲು ಮೊದಲಿನಿಂದಲೂ ಹೀಗಿರಲಿಲ್ಲ. ಪ್ರಾಚೀನ ಕಾಲದಲ್ಲಿ ರೋಮಿನ ಹಡಗುಗಳು ಕರಿಮೆಣಸಿಗಾಗಿ ಬರುತ್ತಿದ್ದುದು ಇಲ್ಲಿಗಲ್ಲ. ಉತ್ತರಕ್ಕಿರುವ ಕೊಡುಂಗಲ್ಲೂರಿನ ಆಸುಪಾಸಿನಲ್ಲಿದ್ದ ಮುಜಿರಿಸ್ ಬಂದರಿಗೆ. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರದಲ್ಲಿ ಆ ಕಡೆಯ ಬಂದರು ಹೂಳು ತುಂಬಿ ಕೆಟ್ಟಿತು, ಕೊಚ್ಚಿಯ ಅಳಿವೆ ಅಗಲವಾಗಿ ತೆರೆಯಿತು ಎಂಬುದು ಇತಿಹಾಸಕಾರರಲ್ಲಿ ಪ್ರಚಲಿತವಾಗಿರುವ ಅಭಿಪ್ರಾಯ. ಒಂದು ಊರಿನ ಅದೃಷ್ಟ ಇನ್ನೊಂದು ಊರಿಗೆ ಹೋಯಿತು. ಘಟ್ಟದ ಮೆಣಸು ನದಿಗಳ ಮೇಲೆ ದೋಣಿಯಲ್ಲಿ ಇಳಿದು ಹಿನ್ನೀರಿಗೆ ಬರುತ್ತಿತ್ತು. ಹಿನ್ನೀರಿನ ಬಾಗಿಲಲ್ಲಿ ಕೂತವರಿಗೆ ಆ ವ್ಯಾಪಾರ ಸಿಕ್ಕಿತು.

1500ರಲ್ಲಿ ಪೋರ್ಚುಗೀಸ್ ನಾಯಕ ಕಬ್ರಾಲ್ ಕೊಚ್ಚಿಗೆ ಬಂದಾಗ ಇಲ್ಲಿನ ರಾಜನಿಗೆ ಕಲ್ಲಿಕೋಟೆಯ ಸಾಮೂದಿರಿಯ ಕಾಟವಿತ್ತು. ಹೊಸಬರ ಸ್ನೇಹ ಅವನಿಗೆ ಬೇಕಿತ್ತು, ಇವರಿಗೆ ಮೆಣಸು ಬೇಕಿತ್ತು. 1503ರಲ್ಲಿ ಇಲ್ಲಿ ಕಟ್ಟಿದ ಕೋಟೆ ಭಾರತದಲ್ಲಿ ಐರೋಪ್ಯರು ಕಟ್ಟಿದ ಮೊದಲ ಕೋಟೆ. 1530ರಲ್ಲಿ ರಾಜಧಾನಿ ಗೋವೆಗೆ ಹೋಗುವವರೆಗೆ ಪೋರ್ಚುಗೀಸರ ಭಾರತದ ಆಡಳಿತ ಇಲ್ಲಿಂದಲೇ ನಡೆಯುತ್ತಿತ್ತು.

ನೀವು ಕಾಲಿಡುವ ನೆಲ

ಅಳಿವೆ ಎಷ್ಟೇ ಚೆನ್ನಾಗಿ ತೆರೆದಿದ್ದರೂ ಅದರ ಬಾಯಿಗೆ ಅಡ್ಡಲಾಗಿ ಒಂದು ಮರಳದಿಬ್ಬವಿತ್ತು. ಅಳಿವೆಗಳಲ್ಲಿ ಇಂಥ ದಿಬ್ಬ ಏಕೆ ಉಂಟಾಗುತ್ತದೆ? ನದಿ ರಭಸವಾಗಿ ಹರಿಯುವಷ್ಟು ಕಾಲ ಮಣ್ಣನ್ನು ಹೊತ್ತು ತರುತ್ತದೆ. ಸಮುದ್ರಕ್ಕೆ ಬಂದೊಡನೆ ಅದರ ರಭಸ ಕುಂದಿ ಹೊರೆ ಇಳಿಯುತ್ತದೆ. ಇತ್ತ ಸಮುದ್ರದ ಅಲೆಗಳು ತೀರದುದ್ದಕ್ಕೂ ಮರಳನ್ನು ತಳ್ಳಿಕೊಂಡು ಬರುತ್ತಿರುತ್ತವೆ. ಹೊರಗೆ ತಳ್ಳುವ ನದಿಗೂ ಒಳಗೆ ತಳ್ಳುವ ಸಮುದ್ರಕ್ಕೂ ಎಲ್ಲಿ ಸಮಬಲವೋ ಅಲ್ಲಿ ದಿಬ್ಬ ಏಳುತ್ತದೆ. ಸಣ್ಣ ಹಾಯಿಹಡಗುಗಳು ಭರತದ ಹೊತ್ತು ನೋಡಿ ಇದನ್ನು ದಾಟುತ್ತಿದ್ದವು. ಉಗಿಹಡಗುಗಳ ಕಾಲ ಬಂದ ಮೇಲೆ ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಿ, ಸರಕನ್ನೆಲ್ಲ ದೋಣಿಗಳಿಗೆ ಇಳಿಸಬೇಕಾಯಿತು. ಮಳೆಗಾಲದಲ್ಲಿ ಅದೂ ಕಷ್ಟ.

1920ರಲ್ಲಿ ಮದರಾಸು ಸರ್ಕಾರ ರಾಬರ್ಟ್ ಬ್ರಿಸ್ಟೋ ಎಂಬ ಬಂದರು ಎಂಜಿನಿಯರನ್ನು ಇಲ್ಲಿಗೆ ಕಳುಹಿಸಿತು. ಆತ ಪ್ರವಾಹ, ಗಾಳಿ, ಮರಳಿನ ಚಲನೆಗಳನ್ನು ಅಧ್ಯಯನ ಮಾಡಿ, ದಿಬ್ಬವನ್ನು ಕತ್ತರಿಸಿ ಕಾಲುವೆ ಮಾಡಬಹುದೆಂದು ನಿರ್ಧರಿಸಿದ. 1928ರ ಮೇ 26ರಂದು ಪದ್ಮಾ ಎಂಬ ಉಗಿಹಡಗು ಒಳಬಂದರನ್ನು ಪ್ರವೇಶಿಸಿತು. ಬಂದರಿನ ತಳದಿಂದ ತೆಗೆದ ಮಣ್ಣನ್ನು ಎಲ್ಲಿ ಹಾಕುವುದು? ಅದನ್ನೇ ಹಿನ್ನೀರಿನ ನಡುವೆ, ವೆಂಡುರುತ್ತಿ ಎಂಬ ಸಣ್ಣ ದ್ವೀಪಕ್ಕೆ ತಾಗಿಸಿ ತುಂಬಿದರು. ಹೀಗೆ ಹುಟ್ಟಿದ್ದು ಸುಮಾರು 780 ಎಕರೆಯ ವಿಲಿಂಗ್ಡನ್ ದ್ವೀಪ.

ವಿಹಾರನೌಕೆಗಳು ಬಂದು ನಿಲ್ಲುವುದು ಈ ದ್ವೀಪದಲ್ಲಿಯೇ. 2021ರಲ್ಲಿ ಉದ್ಘಾಟನೆಯಾದ ಸಾಗರಿಕಾ ಎಂಬ ಪ್ರಯಾಣಿಕರ ನಿಲ್ದಾಣವೂ ಇಲ್ಲಿದೆ. ಅಂದಮೇಲೆ, ಐದು ನೂರು ವರ್ಷದ ಹಳೆಯ ಪಟ್ಟಣವನ್ನು ನೋಡಲೆಂದು ಏಣಿ ಇಳಿಯುವ ಪ್ರಯಾಣಿಕ ಮೊದಲು ಕಾಲಿಡುವುದು ನೂರು ವರ್ಷವೂ ಸರಿಯಾಗಿ ತುಂಬದ ನೆಲದ ಮೇಲೆ. ಆತ ಬಂದ ಹಡಗಿನ ತಳ ನೀರಿನೊಳಗೆ ಎಂಟು ಒಂಬತ್ತು ಮೀಟರಿನಷ್ಟು ಇಳಿದಿರುತ್ತದೆ. ಅಷ್ಟು ಆಳ ತಾನಾಗಿ ಉಳಿಯುವುದಿಲ್ಲ. ನದಿ ಹೂಳು ತರುವುದನ್ನು ಬಿಟ್ಟಿಲ್ಲ, ಅಲೆ ಮರಳು ತಳ್ಳುವುದನ್ನು ಬಿಟ್ಟಿಲ್ಲ. ಹೂಳೆತ್ತುವ ಹಡಗುಗಳು ಇಲ್ಲಿ ಮತ್ತೆ ಮತ್ತೆ ಕೆಲಸ ಮಾಡುತ್ತಲೇ ಇರಬೇಕು.

ಕೋಟೆಯಿಲ್ಲದ ಕೋಟೆ

ಫೋರ್ಟ್ ಕೊಚ್ಚಿಯಲ್ಲಿ ಬಸ್ಸು ಇಳಿದವರು ಕೋಟೆ ಎಲ್ಲಿದೆ ಎಂದು ಹುಡುಕುವುದು ಸಹಜ. ಹೆಸರು ಉಳಿದಿದೆ, ಕೋಟೆ ಉಳಿದಿಲ್ಲ. 1663ರಲ್ಲಿ ಊರನ್ನು ಗೆದ್ದ ಡಚ್ಚರು ಪೋರ್ಚುಗೀಸರ ಕಟ್ಟಡಗಳಲ್ಲಿ ಬಹುಪಾಲನ್ನು ಕೆಡವಿ ಕೋಟೆಯನ್ನು ಕಿರಿದು ಮಾಡಿಕೊಂಡರು. 1795ರಲ್ಲಿ ಇಂಗ್ಲಿಷರು ಬಂದರು. 1806ರಲ್ಲಿ ಅವರು ಉಳಿದಿದ್ದ ಗೋಡೆಗಳನ್ನೂ ಉಡಾಯಿಸಿದರು. ಕೋಟೆ ಹೋಗಿ, ಅದರೊಳಗಿದ್ದ ಬೀದಿಗಳು ಉಳಿದವು.

ಇಗರ್ಜಿಯ ಚರಿತ್ರೆ ಇದಕ್ಕೆ ಹೊಂದಿಕೊಂಡೇ ಇದೆ. ಮೊದಲು ಮರದಲ್ಲಿದ್ದ ಸೇಂಟ್ ಫ್ರಾನ್ಸಿಸ್ ಇಗರ್ಜಿ 1516ರ ಹೊತ್ತಿಗೆ ಕಲ್ಲಿನದಾಯಿತು. ಪೋರ್ಚುಗೀಸರ ಕಾಲದಲ್ಲಿ ಕೆಥೊಲಿಕ್, ಡಚ್ಚರ ಕಾಲದಲ್ಲಿ ಪ್ರೊಟೆಸ್ಟೆಂಟ್, ಇಂಗ್ಲಿಷರ ಕಾಲದಲ್ಲಿ ಆಂಗ್ಲಿಕನ್, ಈಗ ದಕ್ಷಿಣ ಭಾರತ ಸಭೆಯದು. 1524ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡ ವಾಸ್ಕೊ ಡ ಗಾಮನನ್ನು ಇಲ್ಲಿ ಹೂಳಿದ್ದರು. ಹದಿನೈದು ವರ್ಷದೊಳಗೆ ಅವನ ಅಸ್ಥಿಯನ್ನು ಪೋರ್ಚುಗಲ್ಲಿಗೆ ಒಯ್ದರು. ಪ್ರವಾಸಿಗಳು ಸುತ್ತುಗಟ್ಟಿ ನೋಡುವುದು ಬರಿದಾದ ಗೋರಿಯ ಕಲ್ಲು. ಒಂದು ಕ್ಷಣ ತಲೆಯೆತ್ತಿ ಮೇಲೂ ನೋಡಿ: ಉದ್ದನೆಯ ಬಟ್ಟೆಯ ಬೀಸಣಿಗೆಗಳು ತೊಲೆಯಿಂದ ತೂಗುತ್ತಿವೆ. ಅವುಗಳ ಹಗ್ಗ ಗೋಡೆಯ ಆಚೆಗೆ ಹೋಗುತ್ತಿತ್ತು. ಒಳಗಿದ್ದವರಿಗೆ ತಂಪಾಗಲೆಂದು ಹೊರಗೆ ಬಿಸಿಲಲ್ಲಿ ನಿಂತು ಆ ಹಗ್ಗವನ್ನು ಎಳೆಯುತ್ತಿದ್ದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಹೆಸರು ಉಳಿದ ಸ್ಥಳೀಯರೂ ಇದ್ದಾರೆ. ಅವರ ಸ್ಮಾರಕ ಒಂದು ಪುಸ್ತಕ. ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಸಸ್ಯಗಳ ಬಗ್ಗೆ ಹೊರ್ಟಸ್ ಮಲಬಾರಿಕಸ್ ಎಂಬ ಹನ್ನೆರಡು ಸಂಪುಟಗಳ ಗ್ರಂಥ ಮಾಡಿಸಿದ. ಅದು 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಏಳು ನೂರಕ್ಕೂ ಹೆಚ್ಚು ಗಿಡಮರಗಳ ಗುಣಗಳನ್ನು ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯ ಮತ್ತು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರು. ಗೋವೆಯಿಂದ ದಕ್ಷಿಣಕ್ಕೆ ವಲಸೆ ಬಂದವರ ಸಮುದಾಯ ಇವರದು. ಆ ವಲಸೆಯ ಇತರ ಕವಲುಗಳು ನಮ್ಮ ಕುಮಟೆ, ಭಟ್ಕಳ, ಮಂಗಳೂರುಗಳಲ್ಲಿ ನೆಲೆಯೂರಿವೆ. ಮೊದಲ ಸಂಪುಟದಲ್ಲಿ ಆ ಮೂವರ ಪ್ರಮಾಣಪತ್ರ ನಾಗರಿ ಲಿಪಿಯಲ್ಲಿ, ಕೊಂಕಣಿಯಲ್ಲಿಯೇ ಇದೆ. ಮುಂದೆ ಸಸ್ಯಗಳಿಗೆ ಶಾಸ್ತ್ರೀಯ ಹೆಸರಿಟ್ಟ ಲಿನೇಯಸ್ ಈ ಗ್ರಂಥವನ್ನು ಬಳಸಿಕೊಂಡ. ಮಟ್ಟಾಂಚೇರಿಯಲ್ಲಿ ಕೊಂಕಣಿ ಈಗಲೂ ಮನೆಮಾತು.

ಹತ್ತು ಜನರ ಲೆಕ್ಕ

ಮಟ್ಟಾಂಚೇರಿಯ ಅರಮನೆಯನ್ನು 16ನೇ ಶತಮಾನದ ನಡುವೆ ಕೊಚ್ಚಿಯ ರಾಜನಿಗೆ ಕಟ್ಟಿಸಿಕೊಟ್ಟವರು ಪೋರ್ಚುಗೀಸರು. ಡಚ್ಚರು ದುರಸ್ತಿ ಮಾಡಿಸಿದ್ದರಿಂದ ಅದಕ್ಕೆ ಡಚ್ಚರ ಅರಮನೆ ಎಂದೇ ಹೆಸರು. ಒಳಗಿನ ರಾಮಾಯಣದ ಭಿತ್ತಿಚಿತ್ರಗಳ ಮುಂದೆ ಎಷ್ಟು ಹೊತ್ತು ನಿಂತರೂ ಸಾಲದು. ಅದರ ನೆರೆಯಲ್ಲೇ 1568ರಲ್ಲಿ ಕಟ್ಟಿದ ಪರದೇಶಿ ಯಹೂದಿಗಳ ಮಂದಿರ, 1760ರ ಗಡಿಯಾರ ಗೋಪುರ. ನೆಲಕ್ಕೆ ಹಾಸಿರುವುದು ಚೀನಾದಿಂದ ತರಿಸಿದ, ಕೈಯಿಂದ ನೀಲಿ ಚಿತ್ತಾರ ಬರೆದ ಹೆಂಚುಗಳು.

ಹೆಂಚಿಗಿಂತ ಮುಖ್ಯವಾದ ಒಂದು ಸಂಖ್ಯೆಯನ್ನು ನೆನಪಿಡಿ. ಯಹೂದಿ ಸಂಪ್ರದಾಯದಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಪುರುಷರು ಕೂಡಬೇಕು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಕೊಚ್ಚಿಯ ಯಹೂದಿಗಳಲ್ಲಿ ಹೆಚ್ಚಿನವರು ಹಂತಹಂತವಾಗಿ ಅಲ್ಲಿಗೆ ಹೊರಟುಹೋದರು. ಇಲ್ಲಿ ಉಳಿದ ಕೆಲವೇ ಮನೆಗಳಿಂದ ಹತ್ತು ಜನ ಕೂಡದಾಯಿತು. ಹೊರಗಿನಿಂದ ಬಂದ ಯಹೂದಿ ಪ್ರವಾಸಿಗಳು ಸೇರಿದಾಗ ಮಾತ್ರ ಲೆಕ್ಕ ತುಂಬುತ್ತಿದ್ದದ್ದೂ ಉಂಟು. ಸಮುದಾಯದ ಹಿರಿಯಳಾಗಿದ್ದ ಕ್ವೀನಿ ಹಲ್ಲೆಗುವಾ 2024ರಲ್ಲಿ ತೀರಿಕೊಂಡರು. ಕಟ್ಟಡ ಸುರಕ್ಷಿತವಾಗಿದೆ, ದೀಪಗಳು ಹೊಳೆಯುತ್ತಿವೆ, ಚೀಟಿ ಕೊಂಡವರ ಸಾಲು ಉದ್ದವಾಗಿದೆ. ಆದರೆ ಒಂದು ಜಾಗ ಬದುಕಿರುವುದು ನೋಡುವವರಿಂದಲ್ಲ, ಅಲ್ಲಿ ತಮ್ಮ ಕೆಲಸವನ್ನು ಮಾಡುವವರಿಂದ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಬಲೆಗಳ ಹತ್ತಿರ ಬನ್ನಿ.

ಬಲೆಯ ಗಣಿತ

ನಮ್ಮಂಥ ಕ್ಯಾಮರಾದವರಿಗೆ ಚೀನಿ ಬಲೆಗಳೆಂದರೆ ಅಚ್ಚುಮೆಚ್ಚು. ಮುಳುಗುವ ಸೂರ್ಯನ ಮುಂದೆ ಕಪ್ಪಾಗಿ ಹರಡಿದ ಬಲೆಯ ಚಿತ್ರ ಇಲ್ಲದೆ ಕೊಚ್ಚಿಯ ಕಾರ್ಯಕ್ರಮ ಮುಗಿಯುವುದೇ ಇಲ್ಲ. ಆ ಚಿತ್ರದಲ್ಲಿ ಬರದಿರುವುದು ಬಲೆಯ ಹಿಂಬದಿ. ನಿಜವಾದ ಜಾಣ್ಮೆ ಇರುವುದು ಅಲ್ಲಿ.

ಚೀನಾದ ವರ್ತಕರು ಇವನ್ನು ತಂದರೆಂದು ಜನ ಹೇಳುತ್ತಾರೆ. ಮಕಾವಿನಿಂದ ಬಂದ ಪೋರ್ಚುಗೀಸರು ತಂದರೆಂದು ಇನ್ನು ಕೆಲವರ ವಾದ. ಯಾರೇ ತಂದಿರಲಿ, ಯಂತ್ರ ಹೀಗಿದೆ. ಸುಮಾರು ಹತ್ತು ಮೀಟರ್ ಎತ್ತರದ ಮರದ ಚೌಕಟ್ಟು; ಅದರ ತುದಿಯಿಂದ ನಾಲ್ಕು ಬಾಗಿದ ತೋಳುಗಳಿಗೆ ಕಟ್ಟಿದ, ಇಪ್ಪತ್ತು ಮೀಟರಿನಷ್ಟು ಅಗಲದ ಬಲೆ. ಚೌಕಟ್ಟಿನ ಬುಡ ತಿರುಗುವ ಕೀಲಿನಂತಿದೆ. ಹಿಂದುಗಡೆ ಹಗ್ಗಗಳಲ್ಲಿ ಒಂದರ ಕೆಳಗೊಂದು ದಪ್ಪ ಕಲ್ಲುಗಳು ತೂಗಾಡುತ್ತವೆ. ಮುಂದಿನ ಬಲೆಯ ಭಾರಕ್ಕೂ ಹಿಂದಿನ ಕಲ್ಲುಗಳ ಭಾರಕ್ಕೂ ತಕ್ಕಡಿಯಂತೆ ಸರಿದೂಗಿಸಿದ್ದಾರೆ. ಎಷ್ಟು ನಾಜೂಕಾಗಿ ಎಂದರೆ, ಒಬ್ಬ ಮನುಷ್ಯ ಮುಖ್ಯ ತೊಲೆಯ ಮೇಲೆ ನೀರಿನ ಕಡೆಗೆ ನಡೆದು ಹೋದರೆ ಅವನ ತೂಕಕ್ಕೇ ಇಡೀ ಬಲೆ ನೀರಿಗೆ ಇಳಿಯುತ್ತದೆ. ಕೆಲವು ನಿಮಿಷ ಬಿಟ್ಟು ಐದಾರು ಜನ ಹಗ್ಗ ಹಿಡಿದು ಎಳೆದರೆ ಮೇಲೇಳುತ್ತದೆ.

ಒಂದು ತೊಡಕು ಉಳಿಯಿತು. ಬಲೆ ನೀರಿನ ಮೇಲೆ ಚಾಚಿಕೊಂಡಿದ್ದಾಗ ಅದು ಕೀಲಿನಿಂದ ದೂರವಿರುತ್ತದೆ. ಸರಿದೂಗಿಸಲು ಹೆಚ್ಚು ಕಲ್ಲು ಬೇಕು. ಮೇಲೆದ್ದಂತೆ ಅದು ಕೀಲಿನ ನೇರಕ್ಕೆ ಸಮೀಪಿಸುತ್ತದೆ. ಆಗ ಅಷ್ಟು ಕಲ್ಲು ಬೇಡ. ಹೆಚ್ಚಾದ ಕಲ್ಲನ್ನು ತೆಗೆಯುವವರು ಯಾರು? ಕಲ್ಲುಗಳು ಬೇರೆ ಬೇರೆ ಎತ್ತರದಲ್ಲಿ ತೂಗುತ್ತಿರುವುದರಿಂದ, ಬಲೆ ಏರಿದಂತೆಲ್ಲ ಒಂದೊಂದಾಗಿ ಕೆಳಗಿನ ಅಟ್ಟಕ್ಕೆ ತಾಗಿ ಕೂರುತ್ತವೆ. ಕೂತ ಕಲ್ಲು ಎಳೆಯುವುದಿಲ್ಲ. ಲೆಕ್ಕ ತಾನಾಗಿ ಸರಿಹೋಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಒಂದು ಅಡಿಕೋಲನ್ನು ಪೆನ್ಸಿಲಿನ ಮೇಲೆ ಅಡ್ಡಲಾಗಿಟ್ಟು, ಒಂದು ಬದಿಗೆ ರಬ್ಬರು, ಇನ್ನೊಂದು ಬದಿಗೆ ನಾಣ್ಯಗಳನ್ನಿಟ್ಟು ನೋಡಲು ಹೇಳಿ. ರಬ್ಬರನ್ನು ಪೆನ್ಸಿಲಿನ ಹತ್ತಿರಕ್ಕೆ ಸರಿಸಿದಂತೆ ನಾಣ್ಯಗಳನ್ನು ಕಡಿಮೆ ಮಾಡಬೇಕಾಗುತ್ತದೆ. ಕೊಚ್ಚಿಯ ಬೆಸ್ತರು ಕಲ್ಲು ಹಗ್ಗಗಳಲ್ಲಿ ಬರೆದಿಟ್ಟಿರುವ ಪಾಠ ಇದೇ.

ಬಲೆಗೆ ಬರುವ ನೀರು

ಈಗ ಬಲೆಯೊಳಗೆ ಏನು ಬರುತ್ತದೆ ನೋಡಿ. ಕೊಚ್ಚಿಯಲ್ಲಿ ಉಬ್ಬರವಿಳಿತದ ಅಂತರ ಸುಮಾರು ಒಂದು ಮೀಟರು. ದಿನಕ್ಕೆರಡು ಬಾರಿ ಏರಿಳಿಯುವ ಈ ನೀರಿನೊಂದಿಗೆ ಓಡಾಡುವ ಮೀನು, ಸೀಗಡಿಗಳೇ ಬಲೆಯ ಆಧಾರ. ಹಿಂದಿನಷ್ಟು ಮೀನಿಲ್ಲ ಎಂಬುದು ಬಲೆ ಎಳೆಯುವವರ ಬಹುಕಾಲದ ದೂರು. ಕೆಲವು ದಿನ ಬಲೆಯ ತುಂಬ ಬರುವುದು ಅಂತರಗಂಗೆ ಮತ್ತು ಪ್ಲಾಸ್ಟಿಕ್ಕು.

ಅಂತರಗಂಗೆ ನಮ್ಮ ಕೆರೆಗಳನ್ನೂ ಮುಚ್ಚಿರುವ, ನೇರಳೆ ಹೂವಿನ ಜಲಕಳೆ. ಮೂಲ ದಕ್ಷಿಣ ಅಮೆರಿಕ. ಅದಕ್ಕೆ ಉಪ್ಪುನೀರು ಆಗುವುದಿಲ್ಲ. ಹಿನ್ನೀರಿನೊಳಗೆ ಸಮುದ್ರದ ನೀರು ಧಾರಾಳವಾಗಿ ಏರಿಬಂದರೆ ಸಾಯುತ್ತದೆ. ಆದರೆ ಕೊಚ್ಚಿಯ ದಕ್ಷಿಣಕ್ಕೆ ಕುಟ್ಟನಾಡಿನಲ್ಲಿ ಸಮುದ್ರಮಟ್ಟಕ್ಕಿಂತ ಕೆಳಗಿರುವ ಗದ್ದೆಗಳಿವೆ. ಅಲ್ಲಿನ ಬತ್ತಕ್ಕೆ ಉಪ್ಪುನೀರು ಆಗದು. ಆದ್ದರಿಂದ 1970ರ ದಶಕದ ನಡುವೆ ವೇಂಬನಾಡಿಗೆ ಅಡ್ಡಲಾಗಿ ತಣ್ಣೀರ್‌ಮುಕ್ಕಂ ಎಂಬಲ್ಲಿ ಬಾಗಿಲುಗಳಿರುವ ಕಟ್ಟೆಯನ್ನು ಕಟ್ಟಿದರು. ಬೇಸಿಗೆ ತಿಂಗಳುಗಳಲ್ಲಿ ಬಾಗಿಲು ಹಾಕಿದರೆ ಉಪ್ಪು ಒಳಗೆ ಬಾರದು, ಬತ್ತಕ್ಕೆ ರಕ್ಷಣೆ. ಜೊತೆಗೇ ಕಳೆಗೂ ರಕ್ಷಣೆ. ಸಿಹಿನೀರಿನ ದೊಡ್ಡ ಸೀಗಡಿ ಮೊಟ್ಟೆಯಿಡಲು ಉಪ್ಪು ಬೆರೆತ ನೀರಿಗೆ ಇಳಿದು ಬರಬೇಕು, ಮರಿಗಳು ಮತ್ತೆ ಮೇಲಕ್ಕೆ ಹೋಗಬೇಕು. ಅವುಗಳ ದಾರಿಗೆ ಕಟ್ಟೆ ಅಡ್ಡ. ಮಳೆಗಾಲದಲ್ಲಿ ಬಾಗಿಲು ತೆಗೆದಾಗ ಬೆಳೆದ ಕಳೆಯೆಲ್ಲ ಕೊಚ್ಚಿಯ ಕಡೆಗೆ ತೇಲಿ ಹೊರಡುತ್ತದೆ.

ಇಲ್ಲಿ ಖಳನಾಯಕ ಯಾರೂ ಇಲ್ಲ ಎಂಬುದನ್ನು ಗಮನಿಸಿ. ಕುಟ್ಟನಾಡಿನ ರೈತನಿಗೆ ಅನ್ನ ಬೇಕು, ಕೊಚ್ಚಿಯ ಬೆಸ್ತನಿಗೆ ಮೀನು ಬೇಕು, ಬಂದರಿಗೆ ಆಳವಾದ ಕಾಲುವೆ ಬೇಕು, ಹಡಗಿಗೆ ಧಕ್ಕೆ ಬೇಕು. ಎಲ್ಲರೂ ಕೇಳುತ್ತಿರುವುದು ಒಂದೇ ನೀರನ್ನು. ಈ ತಕ್ಕಡಿಯಲ್ಲಿ ತಾನಾಗಿ ಅಟ್ಟಕ್ಕೆ ಕೂರುವ ಕಲ್ಲುಗಳಿಲ್ಲ. ಮನುಷ್ಯರೇ ಕೂತು ಲೆಕ್ಕ ಮಾಡಬೇಕು.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬ ಸೂಚನೆ ಈಗಲೇ ಕಾಣುತ್ತದೆ. ಉಪ್ಪುನೀರಲ್ಲಿ ನಿಂತ ಮರ ಬೇಗ ಕೆಡುತ್ತದೆ. ಒಳ್ಳೆಯ ಮರ ದುಬಾರಿ. ಕೆಲವು ಬಲೆಗಳಿಗೆ ಮರದ ಬದಲು ಕಬ್ಬಿಣದ ಕೊಳವೆ ಬಂದಿದೆ. ಫೋರ್ಟ್ ಕೊಚ್ಚಿಯ ದಡದಲ್ಲಿ ಉಳಿದಿರುವ ಬಲೆಗಳು ಬೆರಳೆಣಿಕೆಯಷ್ಟು. ಪ್ರವಾಸಿಗಳ ಕೈಗೆ ಹಗ್ಗ ಕೊಟ್ಟು ಒಂದು ಸಲ ಎಳೆಸಿ, ಅವರು ಕೊಟ್ಟಷ್ಟು ಹಣ ತೆಗೆದುಕೊಳ್ಳುವುದು ಬಲೆಯವರ ಸಂಪಾದನೆಯ ಒಂದು ಭಾಗವಾಗಿದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಮೀನಿಗಾಗಿ ಇಳಿಯುತ್ತಿದ್ದ ಬಲೆ ಬರಿಯ ಚಿತ್ರಕ್ಕಾಗಿ ಇಳಿಯತೊಡಗಿದರೆ, ಮಟ್ಟಾಂಚೇರಿಯ ಮಂದಿರದ ಹಾಗೆ ಇಲ್ಲಿಯೂ ಕಟ್ಟಡ ಉಳಿದು ಕೆಲಸ ಹೋದಂತಾಗುತ್ತದೆ.

ಹೊರಡುವವರಿಗೆ ಕೆಲವು ಸೂಚನೆ

ನೀವು ಹಡಗಿನಲ್ಲಿ ಬಂದಿದ್ದರೆ ಗಡಿಯಾರದ ಮೇಲೆ ಕಣ್ಣಿರಲಿ. ಹಡಗಿನವರೇ ಏರ್ಪಡಿಸಿದ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ನೀವೇ ಆಟೋ ಹಿಡಿದು ಹೋಗಿ ತಡ ಮಾಡಿದರೆ ಕಾಯುವುದಿಲ್ಲ. ಪೈಲಟ್, ಎಳೆಯುವ ದೋಣಿಗಳು, ಧಕ್ಕೆಯ ಬಾಡಿಗೆ, ಮುಂದಿನ ಬಂದರಿನ ಸರದಿ ಎಲ್ಲವೂ ಗಂಟೆಯ ಲೆಕ್ಕದಲ್ಲಿರುತ್ತವೆ. ಹೊರಡುವ ಹೊತ್ತಿಗಿಂತ ಒಂದು ಗಂಟೆ ಮೊದಲೇ ಹಡಗಿನಲ್ಲಿರಿ.

ರೈಲಿನಲ್ಲಿ ಎರ್ನಾಕುಲಂಗೆ ಬಂದವರು ರಸ್ತೆಯ ಬದಲು ನೀರಿನ ದಾರಿಯನ್ನೇ ಹಿಡಿಯಿರಿ. ಹಳೆಯ ಸರ್ಕಾರಿ ದೋಣಿಗಳ ಜೊತೆಗೆ 2023ರಲ್ಲಿ ಆರಂಭವಾದ ಜಲಮೆಟ್ರೋದ ವಿದ್ಯುತ್ ದೋಣಿಗಳೂ ಫೋರ್ಟ್ ಕೊಚ್ಚಿಗೆ ಹೋಗುತ್ತವೆ. ಶುಕ್ರವಾರ ಅರಮನೆಗೂ ಶನಿವಾರ ಯಹೂದಿ ಮಂದಿರಕ್ಕೂ ಬಿಡುವು.

ಆರು ಗಂಟೆಯಲ್ಲಿ ಐದು ಜಾಗ ನೋಡುವ ಬದಲು ಮೂರನ್ನು ನೋಡಿ, ಉಳಿದ ಒಂದು ಗಂಟೆಯನ್ನು ಬಲೆಯ ಬಳಿ ಕಳೆಯಿರಿ. ಭರತ ಎಷ್ಟು ಹೊತ್ತಿಗೆ ಎಂದು ಬಲೆಯವರನ್ನೇ ಕೇಳಿ. ಹಿಂಬದಿಗೆ ಹೋಗಿ ಕಲ್ಲುಗಳು ಒಂದೊಂದಾಗಿ ಕೂರುವುದನ್ನು ಎಣಿಸಿ. ಬಲೆಯಲ್ಲಿ ಬಂದದ್ದನ್ನು ಅಲ್ಲೇ ಮಾರುತ್ತಾರೆ. ಕೊಂಡರೆ, ಪಕ್ಕದಲ್ಲೇ ಬೇಯಿಸಿಕೊಡುವವರೂ ಇದ್ದಾರೆ. ಹಗ್ಗ ಎಳೆದದ್ದಕ್ಕೆ ಕೊಡುವ ಹಣಕ್ಕಿಂತ ಮೀನಿಗೆ ಕೊಟ್ಟ ಹಣ ಬಲೆಯನ್ನು ಬಲೆಯಾಗಿ ಉಳಿಸುತ್ತದೆ.

ಸಂಜೆ ಹಡಗು ಅಳಿವೆಯಿಂದ ಹೊರಡುವಾಗ ಮೇಲಟ್ಟಕ್ಕೆ ಬನ್ನಿ. ಎಡಕ್ಕೆ ಫೋರ್ಟ್ ಕೊಚ್ಚಿ, ಬಲಕ್ಕೆ ವೈಪೀನ್ ದ್ವೀಪ, ಎರಡು ದಡದಲ್ಲೂ ಬಲೆಗಳು. ನಡುವಿನ ಕಿರಿದಾದ ನೀರಿನಲ್ಲಿ ಮಹಲಿನಷ್ಟು ಎತ್ತರದ ನಿಮ್ಮ ಹಡಗು. ಯಾವ ಬಲೆ ಮೇಲಿದೆ, ಯಾವ ಬಲೆ ನೀರಿಗೆ ಇಳಿದಿದೆ ನೋಡಿ. ಇಳಿದಿದ್ದರೆ, ಭರತ ಬರುತ್ತಿದೆ, ಯಾರೋ ಮೀನಿಗಾಗಿ ಕಾಯುತ್ತಿದ್ದಾರೆ ಎಂದರ್ಥ.